ಗಿರಾಕಿ ಕೋರ್ಟಿಗೆ ಹೋದರೆ ನಮ್ಮ ವಕೀಲರ ಖರ್ಚನ್ನು ವಿಮಾ ಕಂಪೆನಿ ಕೊಡುತ್ತದೆಯೇ?

ಪ್ರಶ್ನೆ: ಘಾಟ್ಕೋಪರ್‌ನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್ ಇದೆ. ಕೈ ತೊಳೆಯುವ ಜಾಗದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯ ಗಿರಾಕಿಯೊಬ್ಬರು 12 ಲಕ್ಷ ರೂಪಾಯಿ ಪರಿಹಾರ ಕೇಳಿ ವಕೀಲರ ಮೂಲಕ ನೋಟಿಸ್ ಕಳುಹಿಸಿದ್ದಾರೆ. ನಮ್ಮಲ್ಲಿ 10 ಲಕ್ಷದ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ (ಹೊರಗಿನವರಿಗಾದ ಹಾನಿಗೆ ನಾವು ಕೊಡಬೇಕಾಗುವ ಪರಿಹಾರದ ವಿಮೆ) ಇದೆ. ಪರಿಹಾರದ ಜೊತೆಗೆ ನಮ್ಮ ವಕೀಲರ ಶುಲ್ಕವನ್ನೂ ಕಂಪೆನಿ ಭರಿಸುತ್ತದೆಯೇ? ನಮಗೆ ಪರಿಚಯವಿರುವ ವಕೀಲರನ್ನೇ ಇಟ್ಟುಕೊಳ್ಳಬಹುದೇ?

ಉತ್ತರ: ಭರಿಸುತ್ತದೆ, ಆದರೆ ಎರಡು ಷರತ್ತುಗಳ ಮೇಲೆ. ಖರ್ಚು ಮಾಡುವ ಮೊದಲು ಕಂಪೆನಿಯ ಒಪ್ಪಿಗೆ ಪಡೆದಿರಬೇಕು. ಗಿರಾಕಿಯ ದೂರು ಪಾಲಿಸಿಯ ವ್ಯಾಪ್ತಿಗೆ ಬರುವಂಥದ್ದಾಗಿರಬೇಕು. ಇದರ ಜೊತೆಗೆ ಬಹಳ ಮಂದಿ ಗಮನಿಸದ ಇನ್ನೊಂದು ಸಂಗತಿಯಿದೆ. ನಮ್ಮ ದೇಶದ ಸಾಮಾನ್ಯ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿಗಳಲ್ಲಿ ವಕೀಲರ ಶುಲ್ಕಕ್ಕೆಂದು ಬೇರೆ ಗಂಟು ಇರುವುದಿಲ್ಲ. ಪರಿಹಾರ, ಎದುರಾಳಿಗೆ ಕೊಡಬೇಕಾಗಿ ಬರುವ ದಾವೆಯ ಖರ್ಚು, ನಿಮ್ಮ ಪ್ರತಿವಾದದ ಖರ್ಚು ಈ ಮೂರೂ ಸೇರಿ ಪಾಲಿಸಿಯ ಮಿತಿಯನ್ನು ದಾಟುವಂತಿಲ್ಲ.

ನಿಮ್ಮ ಪ್ರಕರಣವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕೊನೆಗೆ 8.5 ಲಕ್ಷ ಪರಿಹಾರ ಮತ್ತು ಎದುರಾಳಿಯ ಖರ್ಚೆಂದು 50 ಸಾವಿರ ಕೊಡಬೇಕೆಂಬ ಆದೇಶವಾಯಿತು, ಅಷ್ಟರೊಳಗೆ ನಿಮ್ಮ ವಕೀಲರಿಗೂ ಮೂಳೆತಜ್ಞರ ಅಭಿಪ್ರಾಯಕ್ಕೂ 2 ಲಕ್ಷ ಖರ್ಚಾಯಿತು ಎಂದುಕೊಳ್ಳಿ. ಒಟ್ಟು 11 ಲಕ್ಷವಾಯಿತು. ಪಾಲಿಸಿಯ ಮಿತಿ 10 ಲಕ್ಷವಾದ್ದರಿಂದ ಉಳಿದ ಒಂದು ಲಕ್ಷವನ್ನು ನೀವೇ ಹೊಂದಿಸಬೇಕು. ಪ್ರತಿ ಕ್ಲೈಮಿನಲ್ಲೂ ವಿಮೆ ಪಡೆದವರು ಮೊದಲು ಭರಿಸಬೇಕೆಂದು ಪಾಲಿಸಿಯಲ್ಲಿ ಬರೆದಿರುವ ಸ್ವಂತ ಪಾಲೂ ನಿಮ್ಮದೇ. ವಕೀಲರ ಶುಲ್ಕ ಬೆಳೆದಷ್ಟೂ ಪರಿಹಾರಕ್ಕೆ ಉಳಿಯುವ ಹಣ ಕರಗುತ್ತದೆ. ಮುಂಬೈಯಂಥ ಊರಿನಲ್ಲಿ ಪ್ರಕರಣಗಳು ವರ್ಷಗಟ್ಟಲೆ ನಡೆಯುವುದನ್ನು ಕಂಡವರು ಮಿತಿಯನ್ನು ಆರಿಸುವಾಗ ಈ ಖರ್ಚನ್ನೂ ಸೇರಿಸಿಯೇ ಅಂದಾಜು ಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕದ ಅನೇಕ ವ್ಯಾಪಾರಿ ಪಾಲಿಸಿಗಳಲ್ಲಿ ವಕೀಲರನ್ನು ನೇಮಿಸಿ ಪ್ರತಿವಾದ ನಡೆಸುವುದು ಕಂಪೆನಿಯ ಕರ್ತವ್ಯವೇ ಆಗಿದ್ದು, ಆ ಖರ್ಚು ಮಿತಿಯ ಹೊರಗಿರುತ್ತದೆ. ಅಲ್ಲಿನ ಲೇಖನಗಳನ್ನು ಓದಿ ನಮ್ಮ ಪಾಲಿಸಿಯೂ ಹಾಗೆಯೇ ಎಂದು ನಂಬಿ ಕೂರಬಾರದು.

ಪ್ರತಿವಾದದ ಖರ್ಚು ಏಕೆ ಇಷ್ಟು ಮುಖ್ಯ ಎಂದರೆ, ಗ್ರಾಹಕ ಆಯೋಗದ ಬಾಗಿಲು ದೂರುದಾರರಿಗೆ ಬಹಳ ಸುಲಭವಾಗಿ ತೆರೆಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಯಾವ ಹಂತದ ಆಯೋಗಕ್ಕೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಗ್ರಾಹಕರು ಸೇವೆಗೆ ಕೊಟ್ಟ ಹಣ. ಕೇಳುವ ಪರಿಹಾರದ ಮೊತ್ತ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಇನ್ನೂರು ರೂಪಾಯಿಯ ಊಟದ ಬಿಲ್ಲಿನ ಮೇಲೆ 12 ಲಕ್ಷ ಕೇಳಿದರೂ ದೂರು ಜಿಲ್ಲಾ ಆಯೋಗದಲ್ಲೇ ದಾಖಲಾಗುತ್ತದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿನ ಶುಲ್ಕವೂ ಇಲ್ಲ. ನೊಂದವರಿಗೆ ಇದು ನ್ಯಾಯವಾದ ಅನುಕೂಲ. ಆದರೆ ಎದುರು ನಿಲ್ಲುವ ಸಣ್ಣ ಹೋಟೆಲಿನವರಿಗೆ ವಕೀಲರಿಲ್ಲದೆ ನಡೆಯುವುದಿಲ್ಲವಾದ್ದರಿಂದ, ತಪ್ಪು ತಮ್ಮದಲ್ಲ ಎಂದು ಸಾಬೀತಾದರೂ ಖರ್ಚು ತಪ್ಪುವುದಿಲ್ಲ. ಪುಟ್ಟ ದೂರುಗಳಲ್ಲಂತೂ ಮೂಗಿಗಿಂತ ಮೂಗುತಿಯೇ ಭಾರವಾಗುತ್ತದೆ. ಪಾಲಿಸಿಯ ವ್ಯಾಪ್ತಿಯೊಳಗಿನ ದೂರಿನಲ್ಲಿ ನೀವು ಗೆದ್ದರೂ, ಒಪ್ಪಿಗೆ ಪಡೆದು ಮಾಡಿದ ಖರ್ಚನ್ನು ಕಂಪೆನಿ ಕೊಡಬೇಕು ಎಂಬುದೇ ಈ ವಿಮೆಯ ದೊಡ್ಡ ಉಪಕಾರ.

ಇನ್ನು ವಕೀಲರ ಆಯ್ಕೆಯ ವಿಚಾರ. ಪಾಲಿಸಿಯ ಷರತ್ತುಗಳಲ್ಲಿ ಸಾಮಾನ್ಯವಾಗಿ ಹೀಗೊಂದು ಮಾತಿರುತ್ತದೆ: ಕಂಪೆನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳುವುದಾಗಲಿ, ಹಣ ಕೊಡುತ್ತೇನೆಂದು ಮಾತು ಕೊಡುವುದಾಗಲಿ ಕೂಡದು, ಕಂಪೆನಿ ಇಚ್ಛಿಸಿದರೆ ನಿಮ್ಮ ಹೆಸರಿನಲ್ಲಿಯೇ ಪ್ರತಿವಾದವನ್ನೂ ರಾಜಿಯನ್ನೂ ತನ್ನ ಕೈಗೆ ತೆಗೆದುಕೊಳ್ಳಬಹುದು. ಅಂದರೆ ಪ್ರತಿವಾದ ನಡೆಸುವುದು ಕಂಪೆನಿಗೆ ಹಕ್ಕು, ಕಡ್ಡಾಯವಲ್ಲ. ಕೆಲವೊಮ್ಮೆ ಅದು ತನ್ನ ಪಟ್ಟಿಯ ವಕೀಲರನ್ನು ಕೊಡುತ್ತದೆ, ಕೆಲವೊಮ್ಮೆ ನೀವು ಸೂಚಿಸಿದವರನ್ನೇ ಶುಲ್ಕ ನಿಗದಿಪಡಿಸಿ ಒಪ್ಪುತ್ತದೆ. ಪರಿಚಯದ ವಕೀಲರನ್ನು ಇಟ್ಟುಕೊಳ್ಳುವ ಆಸೆಯಿದ್ದರೆ ಅವರ ಹೆಸರು ಮತ್ತು ಶುಲ್ಕದ ಅಂದಾಜನ್ನು ಬರೆದು ಕಳುಹಿಸಿ, ಉತ್ತರ ಬಂದ ಮೇಲೆಯೇ ವಕಾಲತ್ತಿಗೆ ಸಹಿ ಹಾಕಿ. ಮೊದಲು ಖರ್ಚು ಮಾಡಿ ಆಮೇಲೆ ಬಿಲ್ಲು ತಂದವರು ತಮ್ಮ ಹಕ್ಕನ್ನು ತಾವೇ ದುರ್ಬಲಗೊಳಿಸಿಕೊಂಡಂತೆ. ಗಿರಾಕಿಯ ಮನೆಯವರೊಡನೆ ಮಾತನಾಡುವಾಗಲೂ ಎಚ್ಚರವಿರಲಿ: ಆಸ್ಪತ್ರೆಗೆ ಹೋಗಿ ವಿಚಾರಿಸುವುದು ಮನುಷ್ಯತ್ವ, ಅದಕ್ಕೆ ಯಾವ ಪಾಲಿಸಿಯೂ ಅಡ್ಡಿಯಲ್ಲ, ಆದರೆ ‘ಪೂರ್ತಿ ಖರ್ಚು ನಮ್ಮದು’ ಎಂಬ ಒಂದು ವಾಟ್ಸ್ಆ್ಯಪ್ ಸಂದೇಶವನ್ನೇ ಹಿಡಿದು ಕಂಪೆನಿ ಆಕ್ಷೇಪ ಎತ್ತಬಹುದು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಚಿಂತೆಗೀಡುಮಾಡುವುದು ದಿನಗಳ ಲೆಕ್ಕ. ಗ್ರಾಹಕ ಆಯೋಗದ ನೋಟಿಸ್ ದೂರಿನ ಪ್ರತಿಯೊಂದಿಗೆ ಕೈಸೇರಿದ ಮೇಲೆ ಲಿಖಿತ ಉತ್ತರಕ್ಕೆ ಇರುವ ಅವಧಿ 30 ದಿನ. ಆಯೋಗ ಒಪ್ಪಿದರೆ ಇನ್ನು 15 ದಿನ. ಅದಕ್ಕಿಂತ ಒಂದು ದಿನವೂ ಹೆಚ್ಚು ಕೊಡುವ ಅಧಿಕಾರ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2020ರಲ್ಲಿ ಸ್ಪಷ್ಟಪಡಿಸಿತು. ಕಾಗದ ಗಲ್ಲಾದ ಡ್ರಾಯರಿನಲ್ಲಿ ಎರಡು ವಾರ ಉಳಿದು, ಆಮೇಲೆ ಏಜೆಂಟರ ಕೈ ಸೇರಿ, ಅಲ್ಲಿಂದ ಕಂಪೆನಿಗೆ ತಲುಪುವಷ್ಟರಲ್ಲಿ ಉತ್ತರ ಸಲ್ಲಿಸುವ ಹಕ್ಕೇ ಹೋಗಿಬಿಡಬಹುದು. ನಿಮಗೆ ಈಗ ಬಂದಿರುವುದು ವಕೀಲರ ನೋಟಿಸ್ ಮಾತ್ರ. ಅದಕ್ಕೆ ನೀವಾಗಿಯೇ ಉತ್ತರ ಬರೆಯದೆ, ನೋಟಿಸಿನ ಪ್ರತಿ, ಘಟನೆಯ ದಿನಾಂಕ, ಅಲ್ಲಿದ್ದ ಸಪ್ಲೈಯರುಗಳ ಹೆಸರು ಇವನ್ನೆಲ್ಲ ಇಂದೇ ಇಮೇಲಿನಲ್ಲಿ ಕಂಪೆನಿಗೆ ಕಳುಹಿಸಿ. ಸಿಸಿಟಿವಿ ದೃಶ್ಯ ಕೆಲವೇ ವಾರಗಳಲ್ಲಿ ತಾನಾಗಿ ಅಳಿಸಿಹೋಗುವ ವ್ಯವಸ್ಥೆ ಹಲವು ಕಡೆ ಇರುವುದರಿಂದ ಇನ್ನೂ ಉಳಿದಿದ್ದರೆ ಈಗಲೇ ತೆಗೆದಿಡಿ.

ಘಟನೆ ಕಳೆದ ವರ್ಷ ನಡೆದು ನೋಟಿಸ್ ಈ ವರ್ಷ ಬಂದಿದ್ದರೆ ಯಾವ ವರ್ಷದ ಪಾಲಿಸಿ ಅನ್ವಯಿಸುತ್ತದೆ ಎಂಬ ಗೊಂದಲವೂ ಸಹಜ. ಇಂಥ ಬಹುತೇಕ ಪಾಲಿಸಿಗಳಲ್ಲಿ ಪರಿಹಾರದ ಬೇಡಿಕೆ ಬಂದ ದಿನದಂದು ಚಾಲ್ತಿಯಲ್ಲಿರುವ ಪಾಲಿಸಿಯೇ ಲೆಕ್ಕಕ್ಕೆ ಬರುತ್ತದೆ. ಘಟನೆ ಮಾತ್ರ ಪಾಲಿಸಿಯಲ್ಲಿ ನಮೂದಿಸಿದ ಪೂರ್ವಾನ್ವಯ ದಿನಾಂಕದ (ಹಿಂದಿನ ಘಟನೆಗಳಿಗೆ ರಕ್ಷಣೆ ಶುರುವಾಗುವ ದಿನದ) ನಂತರ ನಡೆದಿರಬೇಕು. ನಡುವೆ ನವೀಕರಣ ತಪ್ಪಿದರೆ ಆ ದಿನಾಂಕದ ರಕ್ಷಣೆ ಕಳಚಿಹೋಗಬಹುದು. ಗ್ರಾಹಕರಿಗೆ ದೂರು ಕೊಡಲು ಎರಡು ವರ್ಷ ಕಾಲಾವಕಾಶ ಇರುವುದನ್ನು ನೆನೆದರೆ, ಕಂತು ಉಳಿಸಲೆಂದು ಒಂದು ವರ್ಷ ಪಾಲಿಸಿ ಬಿಡುವುದು ಎಷ್ಟು ಅಪಾಯವೆಂದು ತಿಳಿಯುತ್ತದೆ.

ವ್ಯಾಪ್ತಿಗೆ ಬಾರದವುಗಳ ವಕೀಲರ ಖರ್ಚೂ ಬರುವುದಿಲ್ಲ. ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಸುಟ್ಟುಕೊಂಡ ಕೆಲಸಗಾರರ ಪರಿಹಾರ 2020ರ ಸಾಮಾಜಿಕ ಭದ್ರತಾ ಸಂಹಿತೆಯ ವಿಷಯ (2025ರ ನವೆಂಬರಿನಲ್ಲಿ ಅದು ಜಾರಿಗೆ ಬರುವ ಮೊದಲು 1923ರ ನೌಕರರ ಪರಿಹಾರ ಕಾಯ್ದೆಯದು), ಅದಕ್ಕೆ ಬೇರೆ ಪಾಲಿಸಿ ಬೇಕು. ಆಹಾರ ಸುರಕ್ಷತಾ ಕಾಯ್ದೆಯಡಿ ವಿಧಿಸಿದ ದಂಡವನ್ನು ಯಾವ ಹೊಣೆಗಾರಿಕೆ ಪಾಲಿಸಿಯೂ ಕಟ್ಟುವುದಿಲ್ಲ. ಊಟದಿಂದ ಗಿರಾಕಿಗಳ ಆರೋಗ್ಯ ಕೆಟ್ಟ ದೂರಿಗೆ ರಕ್ಷಣೆ ಬೇಕಿದ್ದರೆ ಆಹಾರ-ಪಾನೀಯದ ಹೆಚ್ಚುವರಿ ರಕ್ಷಣೆ ಪಾಲಿಸಿಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ.

ಕಂಪೆನಿ ಖರ್ಚು ಕೊಡಲು ನಿರಾಕರಿಸಿದರೆ ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪೆನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಮುಂಬೈ, ಪುಣೆ ಎರಡು ಕಡೆಯೂ ಕಚೇರಿಯಿದೆ, ಶುಲ್ಕವಿಲ್ಲ, ಒಬ್ಬರೇ ಮಾಲೀಕರಾಗಿರುವ ಉದ್ಯಮಗಳೂ ಅತಿಸಣ್ಣ ಉದ್ಯಮಗಳೂ ಅಲ್ಲಿ ದೂರಬಹುದು. ಈ ತಕರಾರು ನಡೆಯುತ್ತಿದೆಯೆಂದು ಗ್ರಾಹಕ ಆಯೋಗದ ಗಡುವು ನಿಲ್ಲುವುದಿಲ್ಲವಾದ್ದರಿಂದ, ಆ ನಡುವೆ ಕಂಪೆನಿಗೆ ಲಿಖಿತವಾಗಿ ತಿಳಿಸಿ ನಿಮ್ಮ ವಕೀಲರ ಮೂಲಕವೇ ಉತ್ತರ ಸಲ್ಲಿಸಿ, ಪ್ರತಿಯೊಂದು ಪಾವತಿಯ ರಸೀದಿಯನ್ನೂ ತೆಗೆದಿಟ್ಟು, ಆ ಮೊತ್ತವನ್ನು ಓಂಬುಡ್ಸ್‌ಮನ್ ಮುಂದಿನ ದೂರಿನಲ್ಲಿ ಸೇರಿಸಿ ಕೇಳಿ.