ಷಟ್ಕೋನದ 14 ಚಿತ್ರ, ಕಣಗಳ ಡಿಕ್ಕಿಯ ಲೆಕ್ಕ

ಗ್ಲೂವಾನ್ ಅಂದ್ರೆ ಪ್ರೋಟಾನಿನ ಒಳಗಿನ ಕ್ವಾರ್ಕ್‌ಗಳನ್ನು ಅಂಟಿಸಿ ಹಿಡಿಯುವ ಕಣ. ಎರಡು ಗ್ಲೂವಾನ್ ಡಿಕ್ಕಿ ಹೊಡೆದು ನಾಲ್ಕು ಗ್ಲೂವಾನ್ ಹೊರಗೆ ಬರುವ ಸಾಧ್ಯತೆ ಎಷ್ಟು ಅಂತ ಭೌತವಿಜ್ಞಾನಿ ಫೈನ್‌ಮನ್ ತೋರಿಸಿದ ದಾರೀಲಿ ಲೆಕ್ಕ ಹಾಕ್ಲಿಕ್ಕೆ ಹೊರಟ್ರೆ, ಡಿಕ್ಕಿ ಆಗಬಹುದಾದ ಒಂದೊಂದು ರೀತಿಗೂ ಒಂದೊಂದು ಚಿತ್ರ ಅಂತ ಮೊದಲನೇ ಹಂತಕ್ಕೇ 220 ಚಿತ್ರ ಬೇಕು, ಒಂದೊಂದಕ್ಕೂ ಉದ್ದುದ್ದ ಗಣಿತ, ಮತ್ತೆ ಎಲ್ಲ ಕೂಡಿಸ್ಬೇಕು. 1986ರಲ್ಲಿ ಪಾರ್ಕ್ ಮತ್ತು ಟೇಲರ್ ಅನ್ನುವವರು, ಸ್ಪಿನ್‌ಗಳು (ಕಣಗಳಿಗಿರುವ, ತಿರುಗುವಿಕೆಯಂಥ ಒಂದು ಗುಣ) ಒಂದು ನಿರ್ದಿಷ್ಟ ರೀತೀಲಿ ಇದ್ರೆ, ಇದರ ಉತ್ತರ ಒಂದೇ ಸಾಲಲ್ಲಿ ಬರೆದ್ರು. ಹಾಗಾದ್ರೆ ಅಷ್ಟು ಚಿತ್ರ ಎಂತಕ್ಕೆ?

ಹತ್ತನೇ ತನಕ ಕನ್ನಡದಲ್ಲಿ ಓದಿ ಪ್ಲಸ್ ಟೂಗೆ ಬರುವಾಗ ಒಮ್ಮೆಲೇ ಎಲ್ಲ ಇಂಗ್ಲಿಷ್ ಆಗುವ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮಕ್ಕಳಿಗೆ ಇದನ್ನು ಹೇಳುವಾಗ ನಾನು ಫಾರ್ಮುಲಾ ಬರೆಯುದಿಲ್ಲ, ಒಂದು ಷಟ್ಕೋನ ಬಿಡಿಸಿ ಅಂತೇನೆ. ಒಂದೊಂದು ಬದಿಯೂ ಒಂದೊಂದು ಕಣ, ಒಳಗೆ ಬರುವ ಎರಡು, ಹೊರಗೆ ಹೋಗುವ ನಾಲ್ಕು (ಗ್ಲೂವಾನ್ ಅಲ್ಲ, ಅದಕ್ಕಿಂತ ಸರಳ ಮಾದರಿಯ ಕಣ). ಎರಡು ಮೂಲೆ ಸೇರಿಸಿ ಕರ್ಣ ಎಳೆದ್ರೆ ಅದು ನಡುವಲ್ಲಿ ಸ್ವಲ್ಪ ಹೊತ್ತು ಹುಟ್ಟಿ ಹೋಗುವ ಕಣ, ಒಂದೊಂದು ತ್ರಿಕೋನವೂ ಮೂರು ಕಣ ಸೇರುವ ಜಾಗ. ಕರ್ಣಗಳು ಒಂದನ್ನೊಂದು ಕತ್ತರಿಸ್ಬಾರದು, ಯಾಕಂದ್ರೆ ಎರಡನೇ ಕಣ ಮೊದಲು ಒಂದನೆಯದ್ರ ಜೊತೆ ಸೇರುದು, ಮೊದಲು ಮೂರನೆಯದ್ರ ಜೊತೆ ಸೇರುದು, ಇವೆರಡೂ ಒಂದೇ ಚಿತ್ರದಲ್ಲಿ ಆಗ್ಲಿಕ್ಕಿಲ್ಲ. ಪೂರ್ತಿ ತ್ರಿಕೋನ ಮಾಡ್ಲಿಕ್ಕೆ ಮೂರು ಕರ್ಣ ಸಾಕು, ಅಂಥ ಚಿತ್ರ ಒಟ್ಟು 14 ಸಿಗ್ತದೆ.

ನಂಗೆ ತುಂಬ ಇಷ್ಟದ ಸಂಗತಿ ಇಲ್ಲಿಂದ ಮುಂದೆ ಉಂಟು. ಒಂದು ಕರ್ಣ ಅಳಿಸಿ, ಉಳಿದ ಚತುರ್ಭುಜದಲ್ಲಿ ಇನ್ನೊಂದು ಕರ್ಣ ಎಳೆದ್ರೆ ಪಕ್ಕದ ಚಿತ್ರಕ್ಕೆ ಹೋಗ್ತೇವೆ. ಹೀಗೆ 14 ಚಿತ್ರವನ್ನೂ ಬಿಂದು ಅಂತ ಇಟ್ಟು ಗೆರೆ ಹಾಕಿದ್ರೆ 9 ಮುಖದ ಘನಾಕೃತಿ ಬರ್ತದೆ, ಒಂದು ಕರ್ಣಕ್ಕೆ ಒಂದು ಮುಖ. ಉದ್ದದ ಕರ್ಣ 3, ಅದು ಷಟ್ಕೋನವನ್ನು ಎರಡು ಚತುರ್ಭುಜ ಮಾಡ್ತದೆ, ಎರಡೆರಡು ದಾರಿ ಅಂದ್ರೆ ನಾಲ್ಕು ಮೂಲೆಯ ಮುಖ. ಗಿಡ್ಡ ಕರ್ಣ 6, ಅದು ಪಂಚಕೋನ ಉಳಿಸ್ತದೆ, ಅದನ್ನು 5 ರೀತೀಲಿ ಕೊಯ್ಬಹುದು, ಹಾಗಾಗಿ ಐದು ಮೂಲೆಯ ಮುಖ.

ಇದು ಅಸೋಸಿಯಾಹೆಡ್ರನ್. ಗಣಿತದವರಿಗೆ ಮೊದಲೇ ಗೊತ್ತಿದ್ದದ್ದು. 2017ರಲ್ಲಿ ಭೌತವಿಜ್ಞಾನಿ ನಿಮಾ ಅರ್ಕಾನಿ-ಹಮೇದ್ ಮತ್ತು ಜೊತೆಗಾರರು ತೋರಿಸಿದ್ದು ಎಂತ ಅಂದ್ರೆ, ಆ ಸರಳ ಮಾದರಿಯ ಕಣಗಳಿಗೆ ಈ ಆಕೃತಿಯಿಂದಲೇ ನೇರವಾಗಿ ಆಂಪ್ಲಿಟ್ಯೂಡ್ (ಡಿಕ್ಕಿಯ ಸಾಧ್ಯತೆ ಕೊಡುವ ಲೆಕ್ಕ) ಸಿಗ್ತದೆ, ಚಿತ್ರಗಳನ್ನು ಒಂದೊಂದಾಗಿ ಕೂಡಿಸ್ಬೇಕಂತ ಇಲ್ಲ. ನಿಜವಾದ ಗ್ಲೂವಾನ್ ಇಷ್ಟು ಸರಳ ಅಲ್ಲ, ಆದ್ರೂ ಕೊಯ್ಯುವ ಲೆಕ್ಕದೊಳಗೇ ಫಿಸಿಕ್ಸ್ ಕೂತಿರುದು ನನ್ನ ಮಟ್ಟಿಗೆ ದೊಡ್ಡ ವಿಷಯ. ಸಪ್ತಕೋನಕ್ಕೆ 42 ಚಿತ್ರ, 14 ಕರ್ಣ. ಕಾಗದ ಪೆನ್ಸಿಲ್ ಇದ್ರೆ ಯಾವ ಕರ್ಣ ಎಷ್ಟು ಮೂಲೆಯ ಮುಖ ಕೊಡ್ತದೆ ಅಂತ ನೀವೇ ನೋಡಿ, ಅರ್ಧದಕ್ಕೆ 14 ಬರ್ತದೆ, ಇನ್ನರ್ಧಕ್ಕೆ 10.