ಈ ಕೋವಿ ಹುಟ್ಟಿದ್ದು ಎಲ್ಲಿ?

ಹಳೆಯ ಜರ್ಮನ್ ಗುರಿಕೋವಿಯೊಂದರ ನಳಿಗೆಯ ಮೇಲೆ ‘ಕ್ರುಪ್, ಎಸ್ಸೆನ್’ ಎಂಬ ಹೆಸರಿದೆ. ಕ್ರುಪ್ ಎಂದರೆ ಜರ್ಮನಿಯ ಎಸ್ಸೆನ್ ನಗರದ ಉಕ್ಕಿನ ಕಂಪನಿ. ಹಾಗಾದರೆ ಈ ಕೋವಿ ಮಾಡಿದವರು ಕ್ರುಪ್ ಅಲ್ವಾ? ಅಲ್ಲ. ಕ್ರುಪ್ ಕೊಟ್ಟಿದ್ದು ಉಕ್ಕು ಮಾತ್ರ. ಆ ಉಕ್ಕನ್ನು ಕೊರೆದು ನಳಿಗೆ ಮಾಡಿದವರು ಬೇರೆ. ಅದಕ್ಕೆ ಮರ ಕೂರಿಸಿದವರು ಬೇರೆ. ಮಾರಿದವರು ಇನ್ನೂ ಬೇರೆ. ಹಳೆಯ ಗುರಿಕೋವಿಯ ಮೂಲ ಹುಡುಕಲು ಹೊರಟವರು ಎಷ್ಟೋ ಸಲ ಮೊದಲು ಎಡವುವುದು ಇಲ್ಲೇ. ಎದ್ದು ಕಾಣುವ ಹೆಸರನ್ನು ಕೊನೆಗೆ ನಂಬಬೇಕು, ಮರದಡಿ ಅಡಗಿರುವ ಸಣ್ಣ ಠಸ್ಸೆಯನ್ನು ಮೊದಲು ಓದಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಯಾವ ಕೋವಿಯ ಮಾತು ಇದು ಅಂತ ಹೇಳಿಬಿಡುತ್ತೇನೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳ ಊರೂರಲ್ಲಿ ಗುರಿಕಾರರ ಸಂಘಗಳಿದ್ದವು. ಅವರನ್ನು ‘ಶುಟ್ಜನ್’ ಎನ್ನುತ್ತಿದ್ದರು. ನಿಂತುಕೊಂಡು ದೂರದ ಹಲಗೆಗೆ ಗುರಿ ಹೊಡೆಯುವುದು ಅವರ ಸ್ಪರ್ಧೆ. ಅದಕ್ಕೆಂದೇ ಮಾಡಿಸಿದ ಕೋವಿ ಬೇಟೆ ಕೋವಿಯ ಹಾಗಿರುವುದಿಲ್ಲ. ನಳಿಗೆ ದಪ್ಪ, ಭಾರ ಜಾಸ್ತಿ. ಹಿಂಬದಿಯ ಲೋಹದ ಪಟ್ಟಿಗೆ ಕೊಂಬಿನಂಥ ಎರಡು ತುದಿಗಳು, ಅವುಗಳ ನಡುವೆ ಹೆಗಲು ಕೂರಬೇಕು. ಕೆನ್ನೆ ಒರಗಿಸಲು ಮರದ ಉಬ್ಬು. ಕಣ್ಣಿನ ಹತ್ತಿರ ಸಣ್ಣ ತೂತಿನ ಗುರಿಗಣ್ಣು. ಟ್ರಿಗರ್ ಅಂತೂ ಬೆರಳು ಸೋಕಿದರೆ ಸಾಕು ಎನ್ನುವಷ್ಟು ಹಗುರ. ಒಂದು ಸಲಕ್ಕೆ ಒಂದೇ ತೋಟಾ.

ಜರ್ಮನಿಯಿಂದ ವಲಸೆ ಹೋದವರು ಈ ಆಟವನ್ನು ಅಮೆರಿಕಕ್ಕೂ ಒಯ್ದರು. ಅಲ್ಲಿ 200 ಗಜ ದೂರದ ಗುರಿಗೆ ಬ್ಯಾಲರ್ಡ್, ಸ್ಟೀವನ್ಸ್, ವಿಂಚೆಸ್ಟರ್ ಕೋವಿಗಳು ಇದೇ ರೂಪ ತಾಳಿದವು. ಹಾಗಾಗಿ ಹೊರನೋಟ ನೋಡಿ ದೇಶ ಹೇಳುವುದು ಕಷ್ಟ. ಜೊತೆಗೆ ಇವುಗಳಲ್ಲಿ ಎಷ್ಟೋ ಕೋವಿಗಳು ಒಬ್ಬ ಗುರಿಕಾರನ ಅಳತೆಗೆ, ಅವನ ಇಷ್ಟಕ್ಕೆ ತಕ್ಕಂತೆ ಆದವು. ಅಂಥದ್ದಕ್ಕೆ ಯಾವ ಕ್ಯಾಟಲಾಗಿನಲ್ಲೂ ಜೋಡಿ ಸಿಗುವುದಿಲ್ಲ.

ಹುಡುಕಾಟ ಶುರುವಾಗುವುದು ಎರಡು ಸ್ಕ್ರೂ ಬಿಚ್ಚುವುದರಿಂದ. ಅದಕ್ಕೂ ಮೊದಲು ಕೋವಿಯಲ್ಲಿ ತೋಟಾ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಮುಂದಿನ ಮರದ ತುಂಡನ್ನು ಕಳಚಿದರೆ ನಳಿಗೆಯ ಹೊಟ್ಟೆ ಕಾಣುತ್ತದೆ. ಬಿಸಿಲು, ಬೆವರು ಎರಡೂ ತಾಗದ ಜಾಗ ಅದು. ಅಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಕಿರೀಟಗಳಿರುತ್ತವೆ. ಪ್ರತಿ ಕಿರೀಟದ ಕೆಳಗೆ ಒಂದು ರೋಮನ್ ಅಕ್ಷರ. ಬ್ಯಾಟರಿ ಬೆಳಕನ್ನು ನೇರ ಹಿಡಿಯದೆ ಪಕ್ಕದಿಂದ ಹಾಯಿಸಿದರೆ ಅವುಗಳ ನೆರಳು ಎದ್ದು ಬರುತ್ತದೆ.

ಜರ್ಮನಿಯಲ್ಲಿ ಕೋವಿಗಳನ್ನು ಕಡ್ಡಾಯವಾಗಿ ಪರೀಕ್ಷಿಸುವ ಕಾನೂನು ಬಂದಿದ್ದು 1891ರಲ್ಲಿ. ಜಾರಿಯಾಗಿದ್ದು 1893ರ ಏಪ್ರಿಲ್ 1ರಂದು. ಜಾಸ್ತಿ ಮದ್ದು ತುಂಬಿ ಹಾರಿಸುವುದು, ನಳಿಗೆ ಬಿರಿಯದಿದ್ದರೆ ಠಸ್ಸೆ ಒತ್ತುವುದು. ಕಿರೀಟದ ಕೆಳಗೆ ‘ಬಿ’ ಇದ್ದರೆ ಹಾರಿಸಿ ನೋಡಿದ್ದಾರೆ. ‘ಜಿ’ ಇದ್ದರೆ ನಳಿಗೆಯ ಒಳಗೆ ಸುರುಳಿ ಗೀರುಗಳಿವೆ. ‘ಯು’ ಎಂದರೆ ಆಮೇಲೆ ಇನ್ನೊಮ್ಮೆ ತಪಾಸಣೆಯಾಗಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ‘ವಿ’. ಕಾನೂನು ಜಾರಿಯಾಗುವಾಗ ಆಗಲೇ ತಯಾರಾಗಿ ಕೂತಿದ್ದ ಕೋವಿಗಳಿಗೆ ಒತ್ತಿದ ಗುರುತು ಅದು. ಅದು ಕಂಡರೆ ಕೋವಿ 1893ಕ್ಕಿಂತ ಹಳೆಯದು.

ಪಕ್ಕದಲ್ಲೇ ಒಂದು ವಿಚಿತ್ರ ಅಂಕಿ ಇರಬಹುದು. 172.28 ಎಂದಿದೆ ಅಂದುಕೊಳ್ಳಿ. ಇದು ಮಿಲಿಮೀಟರೂ ಅಲ್ಲ, ಅಂಗುಲವೂ ಅಲ್ಲ. ನಳಿಗೆಯೊಳಗೆ ಸರಿಯಾಗಿ ಕೂರುವ ಸೀಸದ ಉರುಟು ಗುಂಡುಗಳು ಒಂದು ಪೌಂಡಿಗೆ ಎಷ್ಟು ಬರುತ್ತವೆ ಎಂಬ ಲೆಕ್ಕ. ‘12 ಬೋರ್’ ಎನ್ನುವ ಮಾತಿನ ಹಿಂದೆಯೂ ಇದೇ ಲೆಕ್ಕ ಇದೆ. ಒಂದು ಪೌಂಡ್ ಅಂದರೆ 453.6 ಗ್ರಾಂ. 172.28ರಿಂದ ಭಾಗಿಸಿದರೆ ಒಂದು ಗುಂಡು 2.63 ಗ್ರಾಂ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ಅಲ್ಲಿಂದ ಗುಂಡಿನ ಅಡ್ಡಳತೆ ತೆಗೆದರೆ 7.6 ಮಿಲಿಮೀಟರ್ ಬರುತ್ತದೆ. 1910ರ ದಶಕದ ಆರಂಭದಲ್ಲಿ ಈ ಪದ್ಧತಿ ಹೋಗಿ ಮಿಲಿಮೀಟರ್ ಬಂತು. ಅಂದರೆ ಕಿರೀಟದಡಿ ‘ಜಿ’, ಜೊತೆಗೆ ಇಂಥ ಅಂಕಿ, ಎರಡೂ ಇದ್ದರೆ ನಳಿಗೆ ಪರೀಕ್ಷೆಗೆ ಹೋದ ಕಾಲ ಸುಮಾರು ಇಪ್ಪತ್ತು ವರ್ಷಗಳ ಒಳಗೆ ಸಿಕ್ಕಿಬೀಳುತ್ತದೆ.

ಬೇರೆ ಬರಹಗಳೂ ಕೈಹಿಡಿಯುತ್ತವೆ. ‘ಡಿ.ಆರ್.ಪಿ.’ ಎಂದರೆ ಜರ್ಮನ್ ಸಾಮ್ರಾಜ್ಯದ ಪೇಟೆಂಟ್, 1877ಕ್ಕಿಂತ ಮುಂಚೆ ಅದು ಇರಲಿಲ್ಲ. ‘ಡಿ.ಆರ್.ಜಿ.ಎಂ.’ ಎಂದರೆ ಪೇಟೆಂಟಿಗಿಂತ ಚಿಕ್ಕ ಮಟ್ಟದ ನೋಂದಣಿ, ಶುರುವಾಗಿದ್ದು 1891ರಲ್ಲಿ. ‘ತ್ಸೆಲ್ಲಾ ಸಾಂಕ್ಟ್ ಬ್ಲಾಸಿ’ ಎಂಬ ಊರಿನ ಹೆಸರಿದ್ದರೆ ಸಾಮಾನ್ಯವಾಗಿ 1919ಕ್ಕಿಂತ ಹಿಂದಿನದು. ಆ ವರ್ಷ ಅದು ಪಕ್ಕದ ಮೇಲಿಸ್ ಜೊತೆ ಸೇರಿ ತ್ಸೆಲ್ಲಾ-ಮೇಲಿಸ್ ಆಯಿತು.

ಒಂದು ಎಚ್ಚರಿಕೆ. ನಳಿಗೆಯ ಠಸ್ಸೆ ಹೇಳುವುದು ನಳಿಗೆಯ ವಯಸ್ಸು. ಸವೆದ ನಳಿಗೆಯನ್ನು ತೆಗೆದು ಹೊಸದು ಹಾಕಿಸುವುದು ಗುರಿಕಾರರಲ್ಲಿ ಮಾಮೂಲು. ಅದಕ್ಕೇ ನಳಿಗೆ, ಲಿವರ್, ಟ್ರಿಗರ್ ಕಾಪು, ಕೆಲವೊಮ್ಮೆ ಸ್ಕ್ರೂಗಳ ಮೇಲೂ ಇರುವ ಜೋಡಣೆ ಸಂಖ್ಯೆಯನ್ನು ತಾಳೆ ನೋಡಬೇಕು.

ಈಗ ಒಳಗೆ ಹೋಗೋಣ. ತೋಟಾ ಕೂರುವ ಗೂಡಿನ ಅಚ್ಚು ತೆಗೆಯುವುದು ಈ ಕೆಲಸದ ಚೆಂದದ ಭಾಗ. ಹಿಂದೆ ಇದಕ್ಕೆ ಕರಗಿಸಿದ ಗಂಧಕ ಸುರಿಯುತ್ತಿದ್ದರು. ಈಗ ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಬೆರೆಸಿದ ಮಿಶ್ರಲೋಹ ಇದೆ, ಹೆಸರು ಸೆರೊಸೇಫ್. ನೀರು ಕುದಿಯುವ ಮೊದಲೇ, ಸುಮಾರು 71ರಿಂದ 88 ಡಿಗ್ರಿಯೊಳಗೆ, ಅದು ಕರಗುತ್ತದೆ. ಗೂಡಿನ ಮುಂದೆ ನಳಿಗೆಯಲ್ಲಿ ಬಟ್ಟೆಯ ಬಿರಡೆ ತುರುಕಿ ಸುರಿಯಬೇಕು. ಗಟ್ಟಿಯಾದ ಕೂಡಲೇ ಸ್ವಲ್ಪ ಕುಗ್ಗುತ್ತದೆ, ಆಗ ಮೆಲ್ಲಗೆ ತಳ್ಳಿದರೆ ಹೊಳೆಯುವ ಅಚ್ಚು ಅಂಗೈಗೆ ಜಾರುತ್ತದೆ. ಆದರೆ ಆಗಲೇ ಅಳೆಯಬಾರದು. ತಣ್ಣಗಾದ ಮೇಲೆ ಈ ಲೋಹ ನಿಧಾನವಾಗಿ ಹಿಗ್ಗುತ್ತದೆ. ಸುರಿದು ಸುಮಾರು ಒಂದು ಗಂಟೆಗೆ ಗೂಡಿನ ನಿಜವಾದ ಅಳತೆಗೆ ಬರುತ್ತದೆ. ಸುಮ್ನೆ ಕಾಯಬೇಕು ಅಷ್ಟೆ. ಜರ್ಮನ್ ಗುರಿಕೋವಿಯಾದರೆ ಎಷ್ಟೋ ಸಲ ಈ ಅಳತೆ 8.15×46 ಆರ್ ತೋಟಾಕ್ಕೆ ಹತ್ತಿರ ಬರುತ್ತದೆ. ಮೊದಲ ಅಂಕಿ ಅಡ್ಡಳತೆ, ಎರಡನೆಯದು ತೋಟಾದ ಕೋಶದ ಉದ್ದ, ಎರಡೂ ಮಿಲಿಮೀಟರಿನಲ್ಲಿ; ‘ಆರ್’ ಎಂದರೆ ಕೋಶದ ಬುಡಕ್ಕೆ ಅಂಚಿದೆ. ಜರ್ಮನಿಯ ಸೂಲ್ ಪಟ್ಟಣದ ಅಡಾಲ್ಫ್ ಫ್ರೋನ್ ರೂಪಿಸಿದ ತೋಟಾ ಅದು.

ನಳಿಗೆಯ ಸುರುಳಿಯೂ ಮಾತಾಡುತ್ತದೆ. ಬಟ್ಟೆ ಸುತ್ತಿದ ಕಡ್ಡಿಯನ್ನು ಬಿಗಿಯಾಗಿ ತೂರಿಸಿ, ಅದು ಒಂದು ಸುತ್ತು ತಿರುಗಲು ಎಷ್ಟು ಉದ್ದ ಸಾಗುತ್ತದೆ ಎಂದು ನೋಡಬೇಕು. 1879ರಲ್ಲಿ ಬ್ರಿಟಿಷ್ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಕೊಟ್ಟ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ ಸುತ್ತಿನ ಉದ್ದದಿಂದ ಭಾಗಿಸಿದರೆ, ಅಲುಗಾಡದೆ ಹಾರಬಲ್ಲ ಗುಂಡಿನ ಉದ್ದ ಸಿಗುತ್ತದೆ. ಅಡ್ಡಳತೆ 8.15, ಸುತ್ತು 400 ಮಿಲಿಮೀಟರ್ ಆದರೆ ಉತ್ತರ ಸುಮಾರು 25 ಮಿಲಿಮೀಟರ್. ಕೋವಿ ಮಾಡಿಸಿದವನ ಮನಸ್ಸಿನಲ್ಲಿ ಎಂಥ ಗುಂಡಿತ್ತು ಎಂಬ ಅಂದಾಜು ನೂರು ವರ್ಷದ ಮೇಲೆ ಹೀಗೆ ಸಿಗುತ್ತದೆ! ಕೆಲವರ ಗೀರುಗಳಂತೂ ಕೈಬರಹದ ಹಾಗೆ. ಅಮೆರಿಕದಲ್ಲಿ ನಳಿಗೆ ಮಾಡುತ್ತಿದ್ದ ಹ್ಯಾರಿ ಪೋಪ್ ಅವರ ನಳಿಗೆಯಲ್ಲಿ ಎಂಟು ಗೀರು, ಎಡಕ್ಕೆ ತಿರುವು, ಬಾಯಿಯ ಕಡೆಗೆ ಹೋದಂತೆ ತಿರುವು ಬಿಗಿಯಾಗುತ್ತದೆ. ಹೆಸರು ಅಳಿಸಿಹೋಗಿದ್ದರೂ ಬಲ್ಲವರಿಗೆ ಅದೊಂದು ದೊಡ್ಡ ಸುಳಿವು.

ಸ್ಕ್ರೂಗಳ ಮರೆಯ, ಅಂದರೆ ಸುತ್ತಲೂ ಕೊರೆದ ಸುರುಳಿ ಎಳೆಯ, ಕೋನ ಅಳೆಯುವವರೂ ಇದ್ದಾರೆ. ಬ್ರಿಟನ್ನಿನ ವಿಟ್‌ವರ್ತ್ ಮರೆ 55 ಡಿಗ್ರಿ, ಅಮೆರಿಕದ ಸೆಲ್ಲರ್ಸ್ ಮರೆ 60 ಡಿಗ್ರಿ. ಆದರೆ ವಿಟ್‌ವರ್ತ್ ಮರೆ ಜರ್ಮನಿಯಲ್ಲೂ ಬಳಕೆಯಲ್ಲಿತ್ತು. ಹಾಗಾಗಿ ಇದೊಂದನ್ನೇ ನೆಚ್ಚಬಾರದು.

ನನ್ನ ಒಂದೇ ಬೇಡಿಕೆ, ತಿಕ್ಕಿ ಹೊಳಪು ಕೊಡಬೇಡಿ. ಠಸ್ಸೆಯ ಆಳ ತೀರಾ ಕಡಿಮೆ. ಒಂದು ಮಧ್ಯಾಹ್ನದ ಉಪ್ಪುಕಾಗದದ ಕೆಲಸ ಸಾಕು, ಊರು, ವರ್ಷ, ಕೈ ಎಲ್ಲವೂ ಪುಡಿಯಾಗಿ ಉದುರಿಹೋಗುತ್ತವೆ.

ಎಲ್ಲ ಮುಗಿದ ಮೇಲೆ ಚೀಟಿಯಲ್ಲಿ ಒಂದೇ ಹೆಸರು ಬರೆಯಲು ಆಗುವುದಿಲ್ಲ. ಬರೆಯುವುದು ಹೀಗೆ. ಉಕ್ಕು: ಎಸ್ಸೆನ್. ಬೀಗ (ತೋಟಾ ಹಾಕಿದ ಮೇಲೆ ನಳಿಗೆಯ ಹಿಂಬದಿ ಮುಚ್ಚುವ ಯಂತ್ರ): 1884ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ವಿಲ್‌ಹೆಲ್ಮ್ ಆಯ್ಟ್ ಅವರ ಮಾದರಿ, ಸೂಲ್ ಪಟ್ಟಣದ ಹೇನೆಲ್ ಕಾರ್ಖಾನೆಯದು. ನಳಿಗೆಯ ಪರೀಕ್ಷೆ: 1893ರ ನಂತರ, ಮಿಲಿಮೀಟರ್ ಬರುವ ಮುಂಚೆ. ಮಾರಿದವರು: ನಳಿಗೆಯ ನೆತ್ತಿಯ ಮೇಲೆ ಚಿನ್ನದ ಅಕ್ಷರದಲ್ಲಿರುವ ಅಂಗಡಿ. ಮರ ಕೂರಿಸಿದವರು: ಹಿಂಬದಿಯ ಪಟ್ಟಿ ಕಳಚಿದಾಗ ಮರದ ಮೇಲೆ ಪೆನ್ಸಿಲಿನಲ್ಲಿ ಕಂಡ ಎರಡು ಅಕ್ಷರ. ಆ ಸಾಲಿನ ಮುಂದೆ ಒಂದಿಷ್ಟು ಜಾಗ ಖಾಲಿ ಬಿಡಬೇಕು.