ವಿಶ್ವವೆಲ್ಲ ಒಂದು ಚುಕ್ಕೆಯೊಳಗೆ ಅಡಗಿತ್ತೇ?

ಪ್ರಶ್ನೆ: ವಿಶ್ವವು ‘ಸಿಂಗ್ಯುಲಾರಿಟಿ’ ಎಂಬ ಬಿಂದುವಿನಿಂದ ಹುಟ್ಟಿತೆಂದು ಓದಿದ್ದೇನೆ. ಗಾತ್ರವೇ ಇಲ್ಲದ ಬಿಂದುವಿನಲ್ಲಿ ಇಷ್ಟೊಂದು ನಕ್ಷತ್ರ, ಗೆಲಾಕ್ಸಿಗಳ ದ್ರವ್ಯ ಅಡಗಿರಲು ಹೇಗೆ ಸಾಧ್ಯ?

ಉತ್ತರ: ಹಾಗೆ ಅಡಗಿತ್ತೆಂದು ಭೌತವಿಜ್ಞಾನ ಹೇಳುವುದಿಲ್ಲ. ಅಂಗಡಿಯ ಕ್ಯಾಲ್ಕುಲೇಟರ್‌ನಲ್ಲಿ 5ನ್ನು ಸೊನ್ನೆಯಿಂದ ಭಾಗಿಸಿ ನೋಡಿ. ಪರದೆಯ ಮೇಲೆ ‘ಎರರ್’ ಎಂದು ಮೂಡುತ್ತದೆ. ಐನ್‌ಸ್ಟೈನ್‌ ಅವರ ಗುರುತ್ವವನ್ನು ವಿವರಿಸುವ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಹಿಡಿದು ಕಾಲದಲ್ಲಿ ಹಿಂದಕ್ಕೆ ಹೋದಾಗ, ಸಾಂದ್ರತೆ ಮತ್ತು ಉಷ್ಣತೆಗಳು ಏರುತ್ತಾ ಹೋಗಿ, ಕೊನೆಗೆ ಅನಂತವೆಂಬ ಉತ್ತರ ಬಂದು ಲೆಕ್ಕ ಕೈಕೊಡುತ್ತದೆ. ಆ ಎಲ್ಲೆಗೆ ಇಟ್ಟ ಹೆಸರೇ ಸಿಂಗ್ಯುಲಾರಿಟಿ. ಅದನ್ನು ‘ಬಿಂದು’ ಎಂದು ಕನ್ನಡಿಸಿದೊಡನೆ ಸುತ್ತಲೂ ಕತ್ತಲೆ, ನಡುವೆ ಸಾಸಿವೆಕಾಳಿನಂಥದ್ದೊಂದು ಸಿಡಿಯುತ್ತಿರುವ ಚಿತ್ರ ಮನಸ್ಸಿಗೆ ಬರುತ್ತದೆ. ಈ ತಪ್ಪು ಚಿತ್ರಕ್ಕೆ ನಮ್ಮಂಥ ಬರೆಯುವವರೂ ಹೊಣೆ.

ಆದರೆ ಲೆಕ್ಕದಲ್ಲಿ ಬಂದ ಆ ಅನಂತವು ಲೆಕ್ಕ ಮಾಡಿದವರ ಅವಸರದ ಫಲವಿರಬಹುದೇ? ಈ ಅನುಮಾನ ವಿಜ್ಞಾನಿಗಳಿಗೂ ಇತ್ತು. 1922ರಲ್ಲಿ ರಷ್ಯಾದ ಫ್ರೀಡ್‌ಮನ್‌ ಹಿಗ್ಗುವ ವಿಶ್ವದ ಲೆಕ್ಕವನ್ನು ಮುಂದಿಟ್ಟಾಗ ದ್ರವ್ಯವು ಎಲ್ಲೆಡೆ ಒಂದೇ ಸಮನಾಗಿ ಹರಡಿದೆಯೆಂದು ಭಾವಿಸಿದ್ದರು. ಅಷ್ಟು ಅಚ್ಚುಕಟ್ಟಾದ ವಿಶ್ವವನ್ನು ಹಿಂದಕ್ಕೆ ಓಡಿಸಿದರೆ ಎಲ್ಲವೂ ಒಟ್ಟಿಗೆ ಬಂದು ಕೂಡುವುದು ಸಹಜ. ಏರುಪೇರುಗಳಿದ್ದರೆ ಒಂದನ್ನೊಂದು ತಪ್ಪಿಸಿಕೊಂಡು ಹಾದುಹೋಗಬಹುದಲ್ಲವೇ ಎಂಬುದು ಆಕ್ಷೇಪ. ಕಲ್ಕತ್ತೆಯ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಆ ಭಾವನೆಯನ್ನೇ ಕೈಬಿಟ್ಟು ಒಂದು ಸಮೀಕರಣವನ್ನು ಕಟ್ಟಿ, ದ್ರವ್ಯಕ್ಕೆ ಸುತ್ತುವ ಚಲನೆಯಿಲ್ಲದಿದ್ದರೆ ಏರುಪೇರುಗಳು ಆ ಕೂಡುವಿಕೆಯನ್ನು ತಡೆಯಲಾರವೆಂದು ತೋರಿಸಿದರು. ಅದರ ಬಲದಿಂದಲೇ ಬ್ರಿಟನ್ನಿನ ಗಣಿತಜ್ಞ ರೋಜರ್ ಪೆನ್‌ರೋಸ್‌ 1965ರಲ್ಲಿ ಕುಸಿಯುವ ನಕ್ಷತ್ರಗಳಲ್ಲಿ ಸಿಂಗ್ಯುಲಾರಿಟಿ ತಪ್ಪದೆಂಬ ಪ್ರಮೇಯವೊಂದನ್ನು ಸಾಧಿಸಿದರು. ಹಾಕಿಂಗ್‌ ಆ ವಿಚಾರವನ್ನು ವಿಶ್ವಕ್ಕೆ ಅನ್ವಯಿಸಿದರು. 1970ರಲ್ಲಿ ಇಬ್ಬರೂ ಸೇರಿ ಇನ್ನೂ ವ್ಯಾಪಕವಾದ ಪ್ರಮೇಯವನ್ನು ಪ್ರಕಟಿಸಿದರು.

ಆ ಪ್ರಮೇಯಗಳಿಗೆ ಷರತ್ತುಗಳಿವೆ ಎಂಬುದು ಜನಪ್ರಿಯ ಬರಹಗಳಲ್ಲಿ ಬಿಟ್ಟುಹೋಗುತ್ತದೆ. ಗುರುತ್ವ ಸದಾ ಸೆಳೆಯುತ್ತಲೇ ಇರಬೇಕು. ಐನ್‌ಸ್ಟೈನ್‌ ಸಿದ್ಧಾಂತ ಕೊನೆಯವರೆಗೂ ಸರಿಯಾಗಿರಬೇಕು. ಒಂದು ಸೆಕೆಂಡನ್ನು ಒಂದರ ಮುಂದೆ 43 ಸೊನ್ನೆಗಳುಳ್ಳ ಸಂಖ್ಯೆಯಿಂದ ಭಾಗಿಸಿದಷ್ಟು ಆರಂಭಕ್ಕೆ ಹತ್ತಿರವಾದಾಗ ಅತಿ ಸೂಕ್ಷ್ಮ ಲೋಕವನ್ನು ಆಳುವ ಕ್ವಾಂಟಂ ಪರಿಣಾಮಗಳನ್ನು ಬದಿಗಿಡಲಾಗದು; ಅಲ್ಲಿ ಎರಡನೆಯ ಷರತ್ತು ನಿಲ್ಲುವುದಿಲ್ಲ.

ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವವು ವಿಪರೀತ ಬಿಸಿಯಾಗಿ, ದಟ್ಟವಾಗಿ ಇತ್ತೆಂಬುದು ಇದರಿಂದ ಅಲುಗುವುದಿಲ್ಲ. ಮೊದಲ ಕೆಲವೇ ನಿಮಿಷಗಳಲ್ಲಿ ತೂಕದಲ್ಲಿ ಕಾಲುಭಾಗದಷ್ಟು ಹೀಲಿಯಂ ಬೆಸೆದುಕೊಂಡಿತು. ಸುಮಾರು 3,80,000 ವರ್ಷಗಳಾದಾಗ ಹೊರಟ ಬೆಳಕು ಇಂದು 2.7 ಕೆಲ್ವಿನ್‌ಗೆ ತಣಿದು ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುತ್ತಿದೆ. ಹಳೆಯ ಟೀವಿಯಲ್ಲಿ ಚಾನೆಲ್‌ ಸಿಗದಿದ್ದಾಗ ಕಾಣುತ್ತಿದ್ದ ಚುಕ್ಕೆಗಳಲ್ಲಿ ಅದರದೂ ಒಂದು ಸಣ್ಣ ಪಾಲಿತ್ತು.

ಇನ್ನು ಗಾತ್ರದ ಮಾತು. ಇಂದು ನಮಗೆ ಕಾಣಬಲ್ಲ ವಿಶ್ವದ ವ್ಯಾಸ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಆ ಬೆಳಕು ಹೊರಟಾಗ ಇದೇ ಭಾಗ ಸುಮಾರು 1,100ರಲ್ಲಿ ಒಂದು ಪಾಲಿನಷ್ಟು, ಎಂದರೆ ಎಂಟೂವರೆ ಕೋಟಿ ಜ್ಯೋತಿರ್ವರ್ಷ ಅಗಲವಿತ್ತು. ಇನ್ನೂ ಹಿಂದಕ್ಕೆ ಹೋದಂತೆ ಕುಗ್ಗುವುದು ಈ ಭಾಗವೇ. ಇಡೀ ವಿಶ್ವ ಅನಂತವಾಗಿದ್ದರೆ ಆಗಲೂ ಅದು ಅನಂತವೇ ಆಗಿತ್ತು, ಇಂದಿಗಿಂತ ದಟ್ಟವಾಗಿತ್ತು ಅಷ್ಟೆ.

ಸಮೀಕರಣ ಮುರಿದು ಬೀಳುವಲ್ಲಿ ನಿಜಕ್ಕೂ ನಡೆದದ್ದೇನು ಎಂಬುದಕ್ಕೆ ಹಲವು ಪ್ರಯತ್ನಗಳು ಸಾಗಿವೆ. ಭೌತವಿಜ್ಞಾನಿ ಅಭಯ್ ಅಷ್ಟೇಕರ್‌ ಮತ್ತು ಸಂಗಡಿಗರು 2006ರಲ್ಲಿ ಮಾಡಿದ ಕ್ವಾಂಟಂ ಲೆಕ್ಕದಲ್ಲಿ ಅನಂತವೇ ಬರುವುದಿಲ್ಲ; ಕುಗ್ಗುತ್ತಿದ್ದ ವಿಶ್ವವೊಂದು ಅತಿ ಹೆಚ್ಚಿನ, ಆದರೆ ಮಿತಿಯುಳ್ಳ ಸಾಂದ್ರತೆಯನ್ನು ಮುಟ್ಟಿ, ಅಲ್ಲಿಂದ ಮತ್ತೆ ಹಿಗ್ಗತೊಡಗುತ್ತದೆ. ಅದನ್ನು ಸಮರ್ಥಿಸುವ ವೀಕ್ಷಣೆ ಮಾತ್ರ ಇನ್ನೂ ದೊರೆತಿಲ್ಲ.